ವಾಸಿಯಾದವರಿಗೆ ಒಂದು ವಿಳಾಸ ಬೇಕು

ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದು ಚೇತರಿಸಿಕೊಂಡವರು ಆಸ್ಪತ್ರೆಯಿಂದ ಎಲ್ಲಿಗೆ ಹೋಗಬೇಕು? 'ಮನೆಗೆ' ಎಂಬುದು ತಟ್ಟನೆ ಬರುವ ಉತ್ತರ. ಆದರೆ ಮನೆಯೇ ಇಲ್ಲದಿದ್ದರೆ? ಇದ್ದರೂ ಮನೆಯವರು ಬೇಡವೆಂದರೆ? ಊರಿನ ಹೆಸರೇ ಕಡತದಲ್ಲಿ ತಪ್ಪಾಗಿ ನಮೂದಾಗಿದ್ದರೆ? ಅಂಥವರು ಆಸ್ಪತ್ರೆಯಲ್ಲೇ ಉಳಿದುಬಿಡುತ್ತಾರೆ. ದೇಶದ 43 ಸರ್ಕಾರಿ ಮಾನಸಿಕ ಆಸ್ಪತ್ರೆಗಳನ್ನು ಪರಿಶೀಲಿಸಿ 2019ರಲ್ಲಿ ಹೊರತಂದ ಅಧ್ಯಯನದ ಪ್ರಕಾರ, ಅಲ್ಲಿದ್ದ ಒಳರೋಗಿಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲದಿಂದ ಒಳಗಿದ್ದರು. ಕೆಲವರದು ಇಪ್ಪತ್ತು, ಮೂವತ್ತು ವರ್ಷಗಳ ವಾಸ. ಕಾಯಿಲೆ ಹತೋಟಿಗೆ ಬಂದರೂ ಗೇಟು ತೆರೆಯದ ಬದುಕು ಅದು.

ಒಳಗೆ ಊಟವಿದೆ, ಹಾಸಿಗೆಯಿದೆ, ಮಾತ್ರೆಯಿದೆ. ಹಾಗಾದರೆ ತೊಂದರೆ ಏನು ಎಂದು ಕೇಳುವವರಿದ್ದಾರೆ. ಎಷ್ಟು ಹೊತ್ತಿಗೆ ಏಳಬೇಕು, ಏನು ತಿನ್ನಬೇಕು, ಯಾರ ಪಕ್ಕ ಮಲಗಬೇಕು ಎಂಬುದನ್ನೆಲ್ಲ ಇನ್ನೊಬ್ಬರು ನಿರ್ಧರಿಸುವ ಜಾಗದಲ್ಲಿ ನಾವು ಒಂದು ವಾರ ಇದ್ದು ನೋಡಿದರೆ ಉತ್ತರ ಸಿಗುತ್ತದೆ. ಹತ್ತು ವರ್ಷ ಹೀಗೆ ಇದ್ದವರಿಗೆ ಅಂಗಡಿಗೆ ಹೋಗಿ ಚಿಲ್ಲರೆ ಎಣಿಸುವುದು ಮರೆತಿರುತ್ತದೆ, ಬಸ್ಸು ಹತ್ತುವುದು ಮರೆತಿರುತ್ತದೆ. ಆಮೇಲೆ ನಾವೇ ಹೇಳುತ್ತೇವೆ, 'ಇವರು ಹೊರಗೆ ಬದುಕಲಾರರು' ಎಂದು. ಆ ಅಸಹಾಯಕತೆಯ ಒಂದು ಪಾಲು ಕಾಯಿಲೆಯದ್ದು, ಇನ್ನೊಂದು ಪಾಲು ಗೋಡೆಗಳದ್ದು.

ಗೋಡೆಗಳು ಎಷ್ಟು ಕ್ರೂರವಾಗಬಲ್ಲವು ಎಂಬುದನ್ನು ತಮಿಳುನಾಡಿನ ಎರ್ವಾಡಿ 2001ರ ಆಗಸ್ಟ್ 6ರಂದು ತೋರಿಸಿತು. ದರ್ಗಾದ ಆಸುಪಾಸಿನಲ್ಲಿ ನಡೆಯುತ್ತಿದ್ದ ಖಾಸಗಿ ಆಶ್ರಯತಾಣವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಲ್ಪಟ್ಟಿದ್ದವರು ಓಡಲಾಗದೆ ಸತ್ತರು. ಸತ್ತವರ ಸಂಖ್ಯೆ 28. ಸುಪ್ರೀಂ ಕೋರ್ಟ್ ತಾನೇ ಮುಂದಾಗಿ ಪ್ರಕರಣ ಕೈಗೆತ್ತಿಕೊಂಡಿತು. ಆ ದುರಂತದ ನಂತರ ಚರ್ಚೆ ಬಹಳ ನಡೆಯಿತು, ಕಾನೂನು ಮಾತ್ರ ನಿಧಾನವಾಗಿ ಬಂತು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 19ನೇ ಕಲಮನ್ನು ಎಲ್ಲರೂ ಒಮ್ಮೆ ಓದಬೇಕು. ಮಾನಸಿಕ ಕಾಯಿಲೆ ಇರುವ ವ್ಯಕ್ತಿಗೆ ಸಮಾಜದ ನಡುವೆ ಬದುಕುವ ಹಕ್ಕಿದೆ ಎನ್ನುತ್ತದೆ ಅದು. ಕುಟುಂಬ ಇಲ್ಲ, ಕುಟುಂಬ ಒಪ್ಪುತ್ತಿಲ್ಲ, ಮನೆ ಇಲ್ಲ, ಸಮುದಾಯದಲ್ಲಿ ಸೌಲಭ್ಯ ಇಲ್ಲ ಎಂಬ ಕಾರಣಕ್ಕಷ್ಟೇ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಂತಿಲ್ಲ. ಮನೆಯವರು ಕೈಬಿಟ್ಟಿದ್ದರೆ ಕುಟುಂಬದ ಮನೆಯಲ್ಲಿ ವಾಸಿಸುವ ಹಕ್ಕನ್ನು ಪಡೆಯಲು ಸರ್ಕಾರ ಕಾನೂನು ನೆರವು ಕೊಡಬೇಕು. ಹಾಫ್‌ವೇ ಹೋಮ್, ಗ್ರೂಪ್ ಹೋಮ್‌ಗಳಂಥ ವ್ಯವಸ್ಥೆಗಳನ್ನು 'ಸಮಂಜಸ ಅವಧಿಯಲ್ಲಿ' ಕಲ್ಪಿಸಬೇಕು. ಕಾಯ್ದೆ ಜಾರಿಗೆ ಬಂದದ್ದು 2018ರಲ್ಲಿ. ಸಮಂಜಸ ಅವಧಿ ಎಂದರೆ ಎಷ್ಟು ವರ್ಷ ಎಂದು ಕೇಳುವ ಹಕ್ಕು ನಮಗೀಗ ಖಂಡಿತ ಇದೆ.

ಸೌಲಭ್ಯ ಕಟ್ಟುವ ಬದಲು ಅಡ್ಡದಾರಿ ಹಿಡಿದ ಉದಾಹರಣೆಯೂ ಇದೆ. ಮಹಾರಾಷ್ಟ್ರದಲ್ಲಿ ಮಾನಸಿಕ ಆಸ್ಪತ್ರೆಯಲ್ಲಿದ್ದವರನ್ನು ಭಿಕ್ಷುಕರ ಗೃಹಗಳಿಗೆ, ವೃದ್ಧಾಶ್ರಮಗಳಿಗೆ ಸಾಗಿಸುತ್ತಿರುವುದು ಗಮನಕ್ಕೆ ಬಂದಾಗ 2021ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕೂಡಲೇ ನಿಲ್ಲಿಸಲು ಹೇಳಿತು. ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ದಾಟಿಸುವುದು ಪುನರ್ವಸತಿ ಅಲ್ಲ, ರಿಜಿಸ್ಟರಿನ ಲೆಕ್ಕ ಸರಿಮಾಡುವುದು ಅಷ್ಟೇ.

ಹಾಗಾದರೆ ಪುನರ್ವಸತಿ ಎಂದರೆ ಏನು? ನಾನು ಕೆಲಸ ಮಾಡುವ ಚೆನ್ನೈಯಲ್ಲೇ ಅದಕ್ಕೊಂದು ಒಳ್ಳೆಯ ಉತ್ತರ ಇದೆ. ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್ ಎಂಬ ಇಬ್ಬರು ಯುವತಿಯರು 1993ರಲ್ಲಿ ಇಲ್ಲಿ 'ದಿ ಬ್ಯಾನ್ಯನ್' ಎಂಬ ಸಂಸ್ಥೆ ಕಟ್ಟಿದರು. ಬೀದಿಪಾಲಾದ, ಮಾನಸಿಕ ಕಾಯಿಲೆಯ ಹೆಣ್ಣುಮಕ್ಕಳಿಗೆ ಆಶ್ರಯ, ಚಿಕಿತ್ಸೆ ಕೊಟ್ಟು ಊರಿಗೆ ತಲುಪಿಸುವುದು ಮೊದಲ ಕೆಲಸವಾಗಿತ್ತು. ಆದರೆ ತಲುಪಿಸಲು ಊರೇ ಇಲ್ಲದವರು ಒಳಗೇ ಉಳಿಯತೊಡಗಿದರು. 2015ರಲ್ಲಿ 'ಹೋಮ್ ಅಗೇನ್' ಎಂಬ ಕಾರ್ಯಕ್ರಮ ಶುರುವಾಯಿತು. ಸಾಮಾನ್ಯ ಬಡಾವಣೆಯಲ್ಲೋ ಹಳ್ಳಿಯಲ್ಲೋ ಒಂದು ಸಾಮಾನ್ಯ ಬಾಡಿಗೆ ಮನೆ. ಅದರಲ್ಲಿ ನಾಲ್ಕೈದು ಜನ ಒಟ್ಟಿಗೆ ವಾಸ. ಬೇಕಾದಷ್ಟು ಮಾತ್ರ ನೆರವು ಕೊಡಲು ತರಬೇತಿ ಪಡೆದ ಒಬ್ಬ ಸಹಾಯಕಿ. ಅಡುಗೆ, ಸಂತೆ, ಹಬ್ಬ, ಜಗಳ ಎಲ್ಲ ಅವರದ್ದೇ. ಬಾಗಿಲಿಗೆ ಬೋರ್ಡಿಲ್ಲ, ಕಾವಲುಗಾರನಿಲ್ಲ. ಕೇರಳ, ಮಹಾರಾಷ್ಟ್ರ, ಅಸ್ಸಾಂಗಳಿಗೂ ಈ ಮಾದರಿ ಹೋಗಿದೆ. ಇದರಲ್ಲಿ ದೊಡ್ಡ ತಂತ್ರಜ್ಞಾನ ಇಲ್ಲ, ದೊಡ್ಡ ಕಟ್ಟಡ ಇಲ್ಲ. ಬೇಕಾದದ್ದು ಮನೆ ಕೊಡುವ ಒಬ್ಬ ಮಾಲೀಕ, ತಕರಾರು ತೆಗೆಯದ ನೆರೆಹೊರೆ, ತಿಂಗಳು ತಿಂಗಳು ತಪ್ಪದೆ ಸಿಗುವ ಔಷಧ.

ಇದಕ್ಕೆ ಎದುರು ವಾದವೂ ಇದೆ, ಅದನ್ನು ತಳ್ಳಿಹಾಕಬಾರದು. ಅಮೆರಿಕದಲ್ಲಿ 1963ರಲ್ಲಿ ಕೆನಡಿ ಸರ್ಕಾರ ದೊಡ್ಡ ಆಸ್ಪತ್ರೆಗಳ ಬದಲು ಸಮುದಾಯ ಕೇಂದ್ರಗಳನ್ನು ಕಟ್ಟುವ ಕಾನೂನು ತಂದಿತು. ಆಸ್ಪತ್ರೆಗಳೇನೋ ಖಾಲಿಯಾದವು, ಆದರೆ ಯೋಜಿಸಿದಷ್ಟು ಕೇಂದ್ರಗಳು ತಲೆಯೆತ್ತಲಿಲ್ಲ. ಹೊರಬಂದವರಲ್ಲಿ ಅನೇಕರು ಬೀದಿಗೆ, ಜೈಲಿಗೆ ಸೇರಿದರು. ಇಟಲಿಯ ತ್ರಿಯೆಸ್ತೆ ನಗರದಲ್ಲಿ ಮನೋವೈದ್ಯ ಫ್ರಾಂಕೊ ಬಸಾಲ್ಯ ಬೇರೆ ದಾರಿ ಹಿಡಿದರು. ಆಸ್ಪತ್ರೆಯನ್ನು ಖಾಲಿ ಮಾಡುತ್ತಲೇ ಹೊರಗೆ ದಿನದ 24 ಗಂಟೆ ತೆರೆದಿರುವ ಕೇಂದ್ರಗಳು, ವಸತಿ, ಸಂಬಳ ಕೊಡುವ ಸಹಕಾರ ಸಂಘಗಳನ್ನು ಬೆಳೆಸಿದರು. ದೇಶಕ್ಕೆ ದೇಶವೇ 1978ರಲ್ಲಿ ಹಳೆಯ ಆಸ್ಪತ್ರೆಗಳನ್ನು ಹಂತಹಂತವಾಗಿ ಮುಚ್ಚುವ ಕಾನೂನು ಮಾಡಿತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಪಾಠ ಸ್ಪಷ್ಟ. ಬಾಗಿಲು ತೆಗೆಯುವುದು ಅರ್ಧ ಕೆಲಸ, ಹೊರಗೆ ಹಾಸಿಗೆ, ಒಲೆ, ದುಡಿಮೆ ಇಡುವುದು ಇನ್ನರ್ಧ. ಎರಡನೆಯದಿಲ್ಲದೆ ಮೊದಲನೆಯದನ್ನು ಮಾಡುವುದು ನಿರ್ದಯ ಕೆಲಸ.

ಇದನ್ನೆಲ್ಲ ಹೊರನಾಡ ಕನ್ನಡಿಗರ ಅಂಕಣದಲ್ಲಿ ಏಕೆ ಬರೆಯುತ್ತಿದ್ದೇನೆ? ಮೊದಲ ಕಾರಣ ಭಾಷೆ. ಮನಸ್ಸು ಕೆಟ್ಟಾಗ ಮನೆ ಬಿಟ್ಟು ರೈಲು ಹತ್ತಿದವರು ಎಲ್ಲೆಲ್ಲೋ ಇಳಿಯುತ್ತಾರೆ. ಚೆನ್ನೈಯ ಕೀಲ್ಪಾಕ್, ಹೈದರಾಬಾದಿನ ಎರ್ರಗಡ್ಡ, ಪುಣೆಯ ಯರವಡಾ, ಠಾಣೆ, ದೆಹಲಿ, ಎಲ್ಲ ಕಡೆಯೂ ಮಾನಸಿಕ ಆಸ್ಪತ್ರೆಗಳಿವೆ. ಅಲ್ಲಿಗೆ ಸೇರಿದ ಪರಭಾಷಿಕರ ಮಾತು ಅರ್ಥವಾಗದಿದ್ದರೆ ಅದೂ ಕಾಯಿಲೆಯ ಲಕ್ಷಣದಂತೆ ಕಾಣುವ ಅಪಾಯವಿದೆ.

ಸ್ವಯಂಸೇವಾ ಸಂಸ್ಥೆಯೊಂದರವರು ಒಂದು ದಿನ ನನಗೆ ಫೋನ್ ಮಾಡಿ, ಐವತ್ತು ದಾಟಿದ ಒಬ್ಬ ಹೆಂಗಸಿನ ಜೊತೆ ಮಾತಾಡಲು ಕೇಳಿದರು. ಕಡತದಲ್ಲಿ ಆಕೆಯ ಭಾಷೆ ತೆಲುಗು ಎಂದಿತ್ತು. ಆಕೆ ಆಡಿದ್ದು ಅಚ್ಚ ಉತ್ತರ ಕರ್ನಾಟಕದ ಕನ್ನಡ. ಊರು ಯಾವುದೆಂದರೆ ಹೇಳಲು ಬರಲಿಲ್ಲ. ಸಂತೆ ಯಾವ ವಾರ, ಜಾತ್ರೆ ಯಾವ ದೇವರದು, ಹೊಳೆ ಯಾವ ಕಡೆ ಹರಿಯುತ್ತದೆ ಎಂದು ಕೇಳುತ್ತಾ ಹೋದಂತೆ ಜಾಡು ಸಿಕ್ಕಿತು. ಗುರುತು ಸಿಗಬಾರದೆಂದು ಊರಿನ ಹೆಸರು ಇಲ್ಲಿ ಬರೆಯುತ್ತಿಲ್ಲ. ಸಂಸ್ಥೆಯವರು ಅಣ್ಣನನ್ನು ಪತ್ತೆಹಚ್ಚಿದರು. ಆತ ಫೋನಿನಲ್ಲಿ ಅತ್ತರು. ಅತ್ತ ಮೇಲೆ, 'ಅಲ್ಲೇ ಇರ್ಲಿ ಬಿಡ್ರಿ, ಚೊಲೋ ನೋಡ್ಕೊಂತಾರ' ಎಂದರು. ಆತ ಕೆಟ್ಟವರಲ್ಲ. ಎರಡು ಕೋಣೆಯ ಮನೆ, ಮದುವೆಗೆ ಬಂದ ಮಗಳು, ಊರವರ ಬಾಯಿ. ಆಕೆಗೆ ಇದನ್ನು ತಿಳಿಸಿದಾಗ ಹೇಳಿದ್ದು ಒಂದೇ ಮಾತು: 'ತಮ್ಮಾ, ನನಗೊಂದು ಒಲಿ ಇದ್ರ ಸಾಕು, ನನ್ನ ರೊಟ್ಟಿ ನಾನ ಬಡಕೊಂತೀನಿ.'

ಊರು ಹುಡುಕಿಕೊಟ್ಟರೆ ಕೆಲಸ ಮುಗಿಯಿತು ಎಂಬ ನನ್ನ ಲೆಕ್ಕಾಚಾರ ಅಂದು ಬದಲಾಯಿತು. ಆಕೆಗೆ ಬೇಕಿದ್ದದ್ದು ಅಣ್ಣನ ಕರುಣೆಯೂ ಅಲ್ಲ, ಆಸ್ಪತ್ರೆಯ ತಟ್ಟೆಯೂ ಅಲ್ಲ, ಒಂದು ಒಲೆ. ಆದರೆ ಆ ಒಲೆಯವರೆಗಿನ ದಾರಿಯಲ್ಲಿ ಕಾಗದಗಳು ಎಷ್ಟು! ವಿಳಾಸವಿಲ್ಲದೆ ಗುರುತಿನ ಚೀಟಿ ಕಷ್ಟ, ಗುರುತಿನ ಚೀಟಿ ಇಲ್ಲದೆ ಬ್ಯಾಂಕ್ ಖಾತೆ ಇಲ್ಲ, ಖಾತೆ ಇಲ್ಲದೆ ಅಂಗವಿಕಲರ ಪಿಂಚಣಿ ಬರದು, ಪಿಂಚಣಿ ಇಲ್ಲದೆ ಬಾಡಿಗೆ ಕಟ್ಟಲಾಗದು, ಬಾಡಿಗೆ ಇಲ್ಲದೆ ವಿಳಾಸವಿಲ್ಲ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಇದಕ್ಕೆ ಡೆಡ್‌ಲಾಕ್ ಎನ್ನುತ್ತೇವೆ: ಒಂದು ಇನ್ನೊಂದಕ್ಕೆ ಕಾಯುತ್ತದೆ, ಯಾವುದೂ ಮುಂದೆ ಸಾಗುವುದಿಲ್ಲ. ಬಿಡಿಸುವ ಉಪಾಯ ಎಂದರೆ ಯಾರಾದರೊಬ್ಬರು ಹೊರಗಿನಿಂದ ಒಂದು ಕೊಂಡಿಯನ್ನು ಕಳಚಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾನಸಿಕ ಕಾಯಿಲೆಯನ್ನೂ ತನ್ನ 21 ವಿಧಗಳಲ್ಲಿ ಸೇರಿಸಿದೆ. ಹಕ್ಕು ಪುಸ್ತಕದಲ್ಲಿದೆ, ಕೌಂಟರಿನವರೆಗೆ ಜೊತೆಗೆ ಹೋಗುವ ಮನುಷ್ಯ ಬೇಕು.

ಎರಡನೇ ಕಾರಣ ಬಾಡಿಗೆ ಮನೆ. ಪರಊರಿನಲ್ಲಿ ಮನೆ ಹುಡುಕುವ ಕಷ್ಟ ನಮಗೆ ಹೇಳಿಕೊಡಬೇಕಿಲ್ಲ. ಬ್ಯಾಚುಲರ್‌ಗಳಿಗೆ ಇಲ್ಲ, ಮಾಂಸ ತಿನ್ನುವವರಿಗೆ ಇಲ್ಲ, ಭಾಷೆ ಬಾರದವರಿಗೆ ಅಡ್ವಾನ್ಸ್ ಜಾಸ್ತಿ. ಸಂಬಳದ ಚೀಟಿ ಕೈಯಲ್ಲಿದ್ದ ನಮಗೇ ಹೀಗಾದರೆ, ಆಸ್ಪತ್ರೆಯಿಂದ ಬಂದವರು ಎಂದು ಗೊತ್ತಾದ ಕೂಡಲೇ ಬಾಗಿಲು ಎಷ್ಟು ಜೋರಾಗಿ ಮುಚ್ಚುತ್ತದೆ ಎಂದು ಊಹಿಸಬಹುದು. ಇಂದು ನಮ್ಮಲ್ಲಿ ಅನೇಕರು ಬಾಡಿಗೆದಾರರಾಗಿ ಉಳಿದಿಲ್ಲ. ಪುಣೆಯಲ್ಲಿ, ಹೈದರಾಬಾದಿನಲ್ಲಿ ಎರಡನೇ ಫ್ಲ್ಯಾಟ್ ಕೊಂಡು ಬಾಡಿಗೆಗೆ ಕೊಟ್ಟವರಿದ್ದಾರೆ, ಅಪಾರ್ಟ್‌ಮೆಂಟ್ ಸಂಘಗಳಲ್ಲಿ ಪದಾಧಿಕಾರಿಗಳಾಗಿದ್ದಾರೆ. ಊರಿನಲ್ಲಿ ಹಿರಿಯರು ತೀರಿಹೋದ ಮೇಲೆ ಬೀಗ ಬಿದ್ದ ಮನೆಗಳಿವೆ. ಸಂಸ್ಥೆಯೊಂದರ ಹೆಸರಿನಲ್ಲಿ ಸರಿಯಾದ ಕರಾರು ಮಾಡಿಕೊಂಡು ಅಂಥದ್ದೊಂದು ಮನೆ ಕೊಟ್ಟರೆ ನಾಲ್ವರು ಹೊರಗೆ ಬರುತ್ತಾರೆ. ಬಾಡಿಗೆ ಬಿಟ್ಟುಕೊಡಬೇಕಾಗಿಯೂ ಇಲ್ಲ.

ಮೂರನೆಯದು ದಾನ. ಮಗುವಿನ ಹುಟ್ಟುಹಬ್ಬಕ್ಕೆ, ಅಪ್ಪನ ತಿಥಿಗೆ ಆಶ್ರಮದಲ್ಲಿ ಒಂದು ಹೊತ್ತಿನ ಊಟ ಹಾಕಿಸುವುದು ನಮ್ಮಲ್ಲಿ ರೂಢಿ. ಕನ್ನಡ ಸಂಘಗಳೂ ರಾಜ್ಯೋತ್ಸವದ ನೆಪದಲ್ಲಿ ಇದನ್ನೇ ಮಾಡುತ್ತವೆ. ಒಳ್ಳೆಯ ಮನಸ್ಸಿನ ಕೆಲಸ, ಹೀಗಳೆಯುವುದಿಲ್ಲ. ಆದರೆ ಆ ದುಡ್ಡು ಒಳಗಿನವರು ಒಳಗೇ ಇರುವುದಕ್ಕೆ ಖರ್ಚಾಗುತ್ತದೆ. ಅದೇ ಮೊತ್ತ ಬಾಡಿಗೆ ಮನೆಯೊಂದರ ಅಡ್ವಾನ್ಸ್‌ಗೆ, ಪಾತ್ರೆ ಪಗಡೆಗೆ ಹೋದರೆ ಒಬ್ಬರಿಗೆ ಊಟ ಹಾಕಿದಂತಾಗುವುದಿಲ್ಲ, ಅವರೇ ನಮಗೆ ಊಟ ಹಾಕುವಂತಾಗುತ್ತದೆ. ಕೊಡುವ ಮುನ್ನ ಸಂಸ್ಥೆಯವರನ್ನು ಒಂದು ಪ್ರಶ್ನೆ ಕೇಳಿ: ಕಳೆದ ವರ್ಷ ನಿಮ್ಮಲ್ಲಿಂದ ಎಷ್ಟು ಜನ ಹೊರಗೆ ಹೋಗಿ ಸ್ವಂತವಾಗಿ ಬದುಕುತ್ತಿದ್ದಾರೆ? ಉತ್ತರ ತಡವರಿಸಿದರೆ ಯೋಚಿಸಿ.

ಕೊನೆಯದನ್ನು ಹೇಳುವುದು ಕಷ್ಟ, ಆದರೂ ಹೇಳಬೇಕು. ದೂರದಲ್ಲಿದ್ದೇವೆ, ನೋಡಿಕೊಳ್ಳುವವರಿಲ್ಲ ಎಂದು ತಂಗಿಯನ್ನೋ ಚಿಕ್ಕಪ್ಪನನ್ನೋ ಖಾಸಗಿ ಕೇಂದ್ರಕ್ಕೆ ಸೇರಿಸಿ ತಿಂಗಳಿಗೆ ಹಣ ಕಳಿಸುವ ಮನೆಗಳು ನಮ್ಮ ನಡುವೆ ಇವೆ. ವರ್ಷಗಟ್ಟಲೆ ನೋಡಿಕೊಂಡು ಬಸವಳಿದ ಕುಟುಂಬಕ್ಕೆ ಬುದ್ಧಿ ಹೇಳುವ ಅಧಿಕಾರ ನನಗಿಲ್ಲ. ಸೇರಿಸಿದ್ದು ತಪ್ಪೆಂದೂ ಹೇಳುತ್ತಿಲ್ಲ. ಆದರೆ ಸೇರಿಸಿದ ದಿನದ ನಿರ್ಧಾರ ಜೀವಮಾನದ ತೀರ್ಪು ಆಗಬಾರದು. ವರ್ಷಕ್ಕೊಮ್ಮೆಯಾದರೂ ವೈದ್ಯರನ್ನು ಕೇಳಿ, 'ಇವರು ಇಲ್ಲೇ ಇರಬೇಕಾದ ಅಗತ್ಯ ಇನ್ನೂ ಇದೆಯೇ?' ಎಂದು. ಅವರನ್ನೂ ಕೇಳಿ, 'ಎಲ್ಲಿ ಇರಬೇಕೆಂದು ನಿಮಗೆ ಆಸೆ?' ಎಂದು. ಎಷ್ಟೋ ವರ್ಷಗಳಿಂದ ಯಾರೂ ಕೇಳಿರದ ಪ್ರಶ್ನೆ ಅದಾಗಿರಬಹುದು. ಸಲಹೆ ಬೇಕಿದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ.

ಕರ್ನಾಟಕಕ್ಕೂ ಇದು ಹೊಸ ದಾರಿಯಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ಒಯ್ದಿತು. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿ ಮಾದರಿಯೇ ಬುನಾದಿ. ಮಾತ್ರೆಯನ್ನು ಊರಿಗೆ ತಲುಪಿಸುವುದನ್ನು ದೇಶಕ್ಕೆ ಕಲಿಸಿದ ನಾಡು, ಮನುಷ್ಯರನ್ನು ಊರಿಗೆ ಮರಳಿಸುವುದರಲ್ಲೂ ಮುಂದಿರಬೇಕು. ಪ್ರತಿ ಜಿಲ್ಲೆಗೆ ಇಂತಿಷ್ಟು ಗ್ರೂಪ್ ಹೋಮ್, ಇಂತಿಷ್ಟು ದಿನದೊಳಗೆ ಎಂದು ಸರ್ಕಾರ ಲಿಖಿತವಾಗಿ ಹೇಳಲಿ.

ಅದಾಗುವವರೆಗೆ ನಾವು ಕಾಯುತ್ತಾ ಕೂರಬೇಕಿಲ್ಲ. ನಿಮ್ಮ ನಗರದ ಕನ್ನಡ ಸಂಘದಲ್ಲಿ ಐದು ಜನ ಸೇರಿ, ಅಲ್ಲಿನ ಮಾನಸಿಕ ಆಸ್ಪತ್ರೆಯ ಸಮಾಜ ಕಾರ್ಯಕರ್ತರಿಗೆ ನಿಮ್ಮ ಫೋನ್ ನಂಬರ್ ಕೊಟ್ಟು ಬನ್ನಿ: 'ಕನ್ನಡ ಮಾತಾಡುವವರು ಯಾರಾದರೂ ಬಂದರೆ ಕರೆಯಿರಿ.' ಕರೆ ಬಂದಾಗ ಎತ್ತಿ. ಮೊದಲು ಊಟವಾಯಿತೇ ಎಂದು ಕೇಳಿ, ಆಮೇಲೆ ಸಂತೆ ಯಾವ ವಾರ ಎಂದು.