ಶೆಡ್‌ಗೆ ಸ್ಲ್ಯಾಬ್ ಯಾಕೆ, ಸ್ಕ್ರೂ ಸಾಕು

ಲಂಡನ್ ಹತ್ತಿರ ಬಾಡಿಗೆ ಮನೆಯಲ್ಲಿರೋ ನಮ್ಮ ಚಿಕ್ಕಪ್ಪ ಹೋದ ತಿಂಗಳು ವಿಡಿಯೋ ಕಾಲ್ ಮಾಡಿದ್ರು. ಸೈಕಲ್ಲು, ಹುಲ್ಲು ಕತ್ತರಿಸೋ ಮಷೀನು ಇಡೋಕೆ ಹಿತ್ತಲಲ್ಲಿ 8 ಅಡಿ ಉದ್ದ, 6 ಅಡಿ ಅಗಲದ ಮರದ ಶೆಡ್ ಬೇಕಂತೆ. "ಸಿವಿಲ್ ಓದ್ತಿದ್ದೀಯಲ್ಲೋ, ನೀನೇ ಹೇಳು. ಕೆಳಗೆ ಕಾಂಕ್ರೀಟ್ ಹಾಕಿಸ್ಲಾ, ಇಲ್ಲಾ ಗ್ರೌಂಡ್ ಸ್ಕ್ರೂನಾ?" ಅಂದ್ರು. ನಾನು ಒಂದು ಸೆಕೆಂಡೂ ಯೋಚಿಸದೆ "ಕಾಂಕ್ರೀಟೇ ಹಾಕ್ಸಿ ಚಿಕ್ಕಪ್ಪ, ಗಟ್ಟಿ ಇರುತ್ತೆ" ಅಂದುಬಿಟ್ಟೆ.

ಫೋನ್ ಇಟ್ಟ ಮೇಲೆ ಲೆಕ್ಕ ಹಾಕಿದೆ. ನಾಚಿಕೆ ಆಯ್ತು.

100 ಮಿಲಿಮೀಟರ್ ದಪ್ಪದ ಸ್ಲ್ಯಾಬ್ ಅಂದ್ರೆ ಸುಮಾರು 0.45 ಘನ ಮೀಟರ್ ಕಾಂಕ್ರೀಟ್. ತೂಕ ಒಂದು ಟನ್ ದಾಟುತ್ತೆ. ಅದರ ಮೇಲೆ ಕೂರೋ ಶೆಡ್ ಕೆಲವೇ ನೂರು ಕೆಜಿ. ಹೊರೆಗಿಂತ ಹೊರೋದೇ ಭಾರ! ಇಷ್ಟು ಹಗುರವಾದ ಶೆಡ್ ನೆಲದೊಳಗೆ ಕುಸಿಯೋದಕ್ಕಿಂತ ಜೋರು ಗಾಳಿಗೆ ಎದ್ದು ಹೋಗೋ ಭಯವೇ ಜಾಸ್ತಿ. ಅಂದ್ರೆ ಅಡಿಪಾಯ ಅದನ್ನ ಹೊತ್ತರೆ ಸಾಲದು, ಹಿಡ್ಕೊಳ್ಳಬೇಕು.

ಗ್ರೌಂಡ್ ಸ್ಕ್ರೂ ಮಾಡೋದು ಅದನ್ನೇ. ಇದು ಸತು ಲೇಪಿಸಿದ ಸ್ಟೀಲ್ ಪೈಪು, ಮೈಗೆ ಸ್ಕ್ರೂ ಥರ ಸುರುಳಿ ಅಂಚು. ಮಣ್ಣಿಗೆ ತಿರುಗಿಸಿ ಇಳಿಸ್ತಾರೆ, ಮೇಲೆ ಮರದ ಫ್ರೇಮ್ ಬಿಗೀತಾರೆ. ಅಗೆಯೋದಿಲ್ಲ, ಕ್ಯೂರಿಂಗ್ ಕಾಯೋದಿಲ್ಲ. ಇಳಿಸುವಾಗ ಎಷ್ಟು ಟಾರ್ಕ್ ಬೇಕಾಯ್ತು ಅನ್ನೋದ್ರಿಂದ ಮಣ್ಣು ಎಷ್ಟು ಗಟ್ಟಿ ಅನ್ನೋ ಅಂದಾಜೂ ಸಿಗುತ್ತೆ.

ಇದು ನಿನ್ನೆ ಮೊನ್ನೆಯ ಫ್ಯಾಷನ್ ಅಂದ್ಕೋಬೇಡಿ. ಕಣ್ಣು ಕಾಣದ ಐರಿಷ್ ಇಂಜಿನಿಯರ್ ಅಲೆಕ್ಸಾಂಡರ್ ಮಿಚೆಲ್ 1833ರಲ್ಲೇ ಸ್ಕ್ರೂ ಪೈಲ್‌ಗೆ ಪೇಟೆಂಟ್ ಪಡೆದಿದ್ದರು. 1838ರಲ್ಲಿ ಥೇಮ್ಸ್ ನದಿ ಸಮುದ್ರ ಸೇರೋ ಕಡೆ, ಮ್ಯಾಪ್ಲಿನ್ ಸ್ಯಾಂಡ್ಸ್‌ನ ಮರಳಲ್ಲಿ ಲೈಟ್‌ಹೌಸ್‌ಗೆ ಇಂಥವೇ ಪೈಲ್ ಇಳಿಸಿದ್ರು. ಲೈಟ್‌ಹೌಸ್ ನಿಲ್ಲಿಸಿದ ಐಡಿಯಾ ಸೈಕಲ್ ಶೆಡ್ ನಿಲ್ಲಿಸಲ್ವಾ?

ಲಂಡನ್ ಸುತ್ತ ಜೇಡಿಮಣ್ಣು ಜಾಸ್ತಿ. ನಮ್ಮ ಧಾರವಾಡ, ಗದಗದ ಎರೆಮಣ್ಣಿನ ಹಾಗೆ ಅದೂ ನೀರು ಕುಡಿದ್ರೆ ಉಬ್ಬುತ್ತೆ, ಒಣಗಿದ್ರೆ ಕುಗ್ಗುತ್ತೆ. ಮೇಲ್ಮೈಯಲ್ಲಿರೋ ತೆಳು ಸ್ಲ್ಯಾಬ್ ಅದರ ಜೊತೆ ವಾಲಾಡುತ್ತೆ, ಬಿರುಕು ಬಿಡುತ್ತೆ. ಸಾಕಷ್ಟು ಉದ್ದದ ಸ್ಕ್ರೂ ಆದ್ರೆ ತೇವ ಅಷ್ಟಾಗಿ ಬದಲಾಗದ ಆಳಕ್ಕೆ ಹೋಗಿ ಹಿಡಿಯುತ್ತೆ.

ಹಾಗಂತ ಸ್ಕ್ರೂ ಎಲ್ಲದಕ್ಕೂ ಮದ್ದಲ್ಲ. ಬಂಡೆ ಇದ್ರೆ ಇಳಿಯಲ್ಲ. ನೆಲದಡಿ ಗ್ಯಾಸ್ ಪೈಪು, ಕರೆಂಟ್ ಕೇಬಲ್ ಎಲ್ಲಿವೆ ಅಂತ ಮೊದಲೇ ನೋಡ್ಕೋಬೇಕು. ಒಳಗೆ ಭಾರದ ಮಷೀನ್ ಇಡೋದಾದ್ರೆ ಸ್ಲ್ಯಾಬೇ ವಾಸಿ. ಪರಿಸರಕ್ಕೆ ಒಳ್ಳೇದು ಅನ್ನೋ ಮಾತನ್ನೂ ಕಣ್ಮುಚ್ಚಿ ನಂಬಬೇಡಿ. ಸಿಮೆಂಟ್ ಥರ ಸ್ಟೀಲ್ ತಯಾರಿಸೋದೂ ಕಾರ್ಬನ್ ಉಗುಳೋ ಕೆಲಸವೇ. ನಿಜವಾದ ಉಳಿತಾಯ ಇರೋದು ಸ್ಕ್ರೂವನ್ನ ಉಲ್ಟಾ ತಿರುಗಿಸಿ ತೆಗೆದು ಇನ್ನೊಂದು ಕಡೆ ಬಳಸಿದಾಗ. ಬಾಡಿಗೆ ಮನೆಯವರಿಗೆ ಇದಕ್ಕಿಂತ ಇನ್ನೇನು ಬೇಕು? ಸ್ಲ್ಯಾಬ್ ಆಗಿದ್ರೆ, ಮನೆ ಬಿಡೋ ದಿನ ಒಂದು ಟನ್ ಕಾಂಕ್ರೀಟ್ ಒಡೆಸಬೇಕು.

ನನ್ನ ತಕರಾರು ಕಾಂಕ್ರೀಟ್ ಮೇಲಲ್ಲ, ನನ್ನ ಮೇಲೇ. ಲೋಡ್ ಎಷ್ಟು, ಮಣ್ಣು ಯಾವುದು, ಎಷ್ಟು ವರ್ಷ ನಿಲ್ಲಬೇಕು, ಒಂದನ್ನೂ ಕೇಳದೆ ಉತ್ತರ ಕೊಟ್ಟೆ. ನಮ್ಮಲ್ಲಿ ತುಂಬಾ ಜನ ಹೀಗೇ ಅಂತ ನನ್ನ ಅನುಮಾನ. ಅಡಿಪಾಯ ಅಂದ ತಕ್ಷಣ ಬಾಯಿಗೆ ಬರೋದು ಕಾಂಕ್ರೀಟೇ.

ಮಾರನೇ ದಿನ ಚಿಕ್ಕಪ್ಪಂಗೆ ಫೋನ್ ಮಾಡಿ ಸ್ಕ್ರೂ ಹಾಕ್ಸಿ ಅಂದೆ. "ನಿನ್ನೆ ಒಂದು, ಇವತ್ತೊಂದು ಹೇಳ್ತೀಯಲ್ಲೋ" ಅಂತ ನಕ್ಕರು.

"ನಿನ್ನೆ ಲೆಕ್ಕ ಹಾಕಿರ್ಲಿಲ್ಲ ಚಿಕ್ಕಪ್ಪ" ಅಂದೆ.