ಕಂಬಕ್ಕೆ ಹಸಿರು ಬೇಡ, ಬೇರಿಗೆ ಮಣ್ಣು ಬಿಡಿ

ಬೆಂಗಳೂರಿನ ನಮ್ಮ ಬಡಾವಣೆಯ ಮೇಲ್ಸೇತುವೆ ಕಂಬಗಳಿಗೆ ಕೆಲವು ವರ್ಷಗಳ ಹಿಂದೆ ವರ್ಟಿಕಲ್ ಗಾರ್ಡನ್ ಬಂತು. ಕಬ್ಬಿಣದ ಚೌಕಟ್ಟು, ಅದರಲ್ಲಿ ಸಾಲಾಗಿ ಪ್ಲಾಸ್ಟಿಕ್ ಕುಂಡ, ಕುಂಡದಲ್ಲಿ ತೆಂಗಿನ ನಾರಿನ ಪುಡಿ, ಮೇಲಿಂದ ಹನಿ ನೀರಿನ ಪೈಪು. ಉದ್ಘಾಟನೆಯ ಫೋಟೊ ಚೆನ್ನಾಗಿಯೇ ಬಂತು. ಆಮೇಲೆ ಮೋಟಾರು ಕೆಟ್ಟಿತು, ನಿರ್ವಹಣೆಯ ಗುತ್ತಿಗೆ ಮುಗಿಯಿತು. ಈಗ ಕುಂಡಗಳಲ್ಲಿ ಇರುವುದು ಗುಟ್ಕಾ ಪೊಟ್ಟಣ ಮಾತ್ರ.

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿ ನಿವೃತ್ತಳಾದ ನನಗೆ ಇದರಲ್ಲಿ ಅಚ್ಚರಿಯೇನೂ ಕಾಣಲಿಲ್ಲ. ಸೇತುವೆಯ ಅಡಿಗೆ ಮಳೆ ತಾಗದು. ಬೊಗಸೆಯಷ್ಟು ನಾರಿನ ಪುಡಿ ಮಾರ್ಚ್ ಬಿಸಿಲಿಗೆ ಮಧ್ಯಾಹ್ನದೊಳಗೆ ಒಣಗುತ್ತದೆ. ಬೇರಿಳಿಯಲು ನೆಲವೇ ಇಲ್ಲದ ಗಿಡ ಪೈಪನ್ನೇ ನಂಬಿ ಬದುಕಬೇಕು. ಸಾಲದ್ದಕ್ಕೆ, ನೆಟ್ಟಿದ್ದೆಲ್ಲ ಹುಳ ಮುಟ್ಟದ ಅಲಂಕಾರದ ಗಿಡ. ಹುಳ ತಿನ್ನದ ಗಿಡದಲ್ಲಿ ಚಿಟ್ಟೆ ಹುಟ್ಟುವುದೆಲ್ಲಿ?

ಅದೇ ಕಂಬದಿಂದ ನಾಲ್ಕು ಹೆಜ್ಜೆಗೆ, ರಾಜಕಾಲುವೆಯ ತಡೆಗೋಡೆ ಪಕ್ಕ ಯಾರೋ ಸುರಿದ ಇಟ್ಟಿಗೆ ಚೂರುಗಳ ನಡುವೆ ಎಕ್ಕದ ಗಿಡವೊಂದು ಎದ್ದಿದೆ. ಯಾರೂ ನೆಟ್ಟದ್ದಲ್ಲ, ನೀರು ಹಾಕಿದ್ದೂ ಇಲ್ಲ. ಎಲೆ ಮಗುಚಿದರೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳ. ಮೈಮೇಲೆ ಮೂರು ಜೊತೆ ಕಪ್ಪು ಎಳೆಗಳು. ಪ್ಲೇನ್ ಟೈಗರ್ ಎಂಬ ಕಿತ್ತಳೆ ಬಣ್ಣದ ಚಿಟ್ಟೆಯ ಮರಿ ಅದು. ದನ ಬಾಯಿ ಹಾಕದ ಎಲೆಯೇ ಅದಕ್ಕೆ ಊಟ. ಹೂವಿಗೆ ಬಡಗಿ ದುಂಬಿ ಬರುತ್ತದೆ, ಸೂರಕ್ಕಿಯೂ ಬರುತ್ತದೆ. ರಥಸಪ್ತಮಿಯ ಹಿಂದಿನ ದಿನ ಏಳು ಎಕ್ಕದೆಲೆಗಾಗಿ ಮಾರುಕಟ್ಟೆಯೆಲ್ಲ ಅಲೆಯುವ ನಾವೇ, ಉಳಿದ ದಿನ ಬೀದಿಯಲ್ಲಿ ಅದು ಕಂಡರೆ ಕಿತ್ತು ಹಾಕಿಸುತ್ತೇವೆ.

ಹಾಗಾಗಿ ನನ್ನ ವಾದ ಇಷ್ಟೆ: ಈ ಊರಿಗೆ ಗಿಡದ ಕೊರತೆಗಿಂತ ಮಣ್ಣಿನ ಕೊರತೆ ದೊಡ್ಡದು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡದ ಲೆಕ್ಕದಲ್ಲಿ, 1973ರಲ್ಲಿ ನಗರದ ಶೇ 8ರಷ್ಟಿದ್ದ ಕಟ್ಟಡ, ರಸ್ತೆಗಳ ಪ್ರದೇಶ 2012ಕ್ಕೆ ಶೇ 58ಕ್ಕೆ ಏರಿತ್ತು. ಅಷ್ಟು ನೆಲಕ್ಕೆ ಮುಚ್ಚಳ ಹಾಕಿದ ಮೇಲೆ ಮಳೆ ನೀರು ಎಲ್ಲಿ ಇಂಗಬೇಕು? 2022ರ ಸೆಪ್ಟೆಂಬರ್ 4ರ ರಾತ್ರಿ 131.6 ಮಿಲಿಮೀಟರ್ ಮಳೆ ಸುರಿದು ಹೊರವರ್ತುಲ ರಸ್ತೆ ಮುಳುಗಿತು. 2024ರ ಬೇಸಿಗೆಯಲ್ಲಿ ಇದೇ ಊರು ಟ್ಯಾಂಕರ್‌ಗೆ ಕಾದು ಕೂತಿತು.

ಇರುವ ಮರಗಳ ಗತಿಯನ್ನಾದರೂ ನೋಡಿ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ ಈ ನಗರದಲ್ಲಿ ಸುಮಾರು 15 ಲಕ್ಷ ಸಸಿ ನೆಟ್ಟರು. ಬೀದಿ ಮರಗಳ ಬೆಲೆ ಏನೆಂದು ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು 2013ರಲ್ಲಿ ಅಳೆದು ತೋರಿಸಿದ್ದಾರೆ: ಮರವಿರುವ ಕಡೆ ರಸ್ತೆಯ ಮೇಲ್ಮೈ 27.5 ಡಿಗ್ರಿ ಸೆಲ್ಸಿಯಸ್‌ವರೆಗೆ, ಗಾಳಿ 5.6 ಡಿಗ್ರಿವರೆಗೆ ತಂಪು. ಅಂಥ ಮರಗಳ ಕಾಂಡದವರೆಗೂ ಕಾಂಕ್ರೀಟ್ ತುಂಬಿ ಟೈಲ್ಸ್ ಕೂರಿಸುತ್ತೇವೆ. ಬೇರಿಗೆ ಗಾಳಿಯಿಲ್ಲ, ನೀರಿಲ್ಲ. ಉಳಿದದ್ದನ್ನು ಕೇಬಲ್ ಅಗೆಯುವವರು ಕತ್ತರಿಸುತ್ತಾರೆ. ಮೇ ತಿಂಗಳ ಗಾಳಿಮಳೆಗೆ ಮರ ಉರುಳಿದಾಗ ಮಾತ್ರ ಅದು ‘ಅಪಾಯಕಾರಿ ಮರ’.

ದೆಹಲಿಯಲ್ಲಿ ಮರಗಳ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶಿಸಿತ್ತು. ಬೆಂಗಳೂರಿಗೆ ಈಗ ಐದು ಪಾಲಿಕೆಗಳಿವೆ. ಅವು ಇದೊಂದನ್ನು ಫುಟ್‌ಪಾತ್ ಟೆಂಡರಿನ ಷರತ್ತಾಗಿ ಬರೆಯಲಿ: ಬುಡ ಬಿಡಿಸದಿದ್ದರೆ ಬಿಲ್ ಪಾಸಾಗದು. ನಡೆಯಲು ಜಾಗ ಕಿರಿದಾದ ಕಡೆ, ಸಿಮೆಂಟು ಮೆತ್ತದೆ ಮರಳಿನ ಮೇಲೆ ಕಲ್ಲುಚಪ್ಪಡಿ ಹಾಸಿದರೆ ಸಂದಿಯಲ್ಲಿ ನೀರು ಇಳಿಯುತ್ತದೆ. ರಾಜಕಾಲುವೆಯ ಅಂಚಿನಲ್ಲಿ ಹೊಂಗೆ, ಎಕ್ಕ, ತುಂಬೆ ಬೆಳೆಯುವಷ್ಟು ಮಣ್ಣಿನ ಪಟ್ಟಿ ಉಳಿಯಲಿ. ತುಂಬೆ, ಉತ್ತರಾಣಿಗಳನ್ನು ಹೂಬಿಟ್ಟು ಬೀಜ ಕಟ್ಟುವ ತನಕ ಸವರದಿರಲಿ.

ಮಣ್ಣು ಬಿಟ್ಟರೆ ಕಸ ಸುರಿಯುತ್ತಾರೆ, ಸೊಳ್ಳೆ ಬರುತ್ತದೆ ಎನ್ನುವವರು ನಮ್ಮ ಬೀದಿಯಲ್ಲೂ ಇದ್ದಾರೆ. ಕಸದ ಮಾತು ಸುಳ್ಳಲ್ಲ. ಅದಕ್ಕೇ ಮೊಣಕಾಲೆತ್ತರದ ಕಟ್ಟೆ ಬೇಕು, ಒಳಗೆ ತರಗೆಲೆಯ ಹೊದಿಕೆ ಬೇಕು, ಗುಡಿಸುವ ಪೌರಕಾರ್ಮಿಕರಿಗೆ ಆ ಎಲೆಯನ್ನು ಅಲ್ಲೇ ಬಿಡಿ ಎಂದು ಹೇಳಿರಬೇಕು. ಸೊಳ್ಳೆಯ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಅದು ಮೊಟ್ಟೆಯಿಡುವುದು ನಿಂತ ನೀರಿನಲ್ಲಿ. ಮಣ್ಣು ನೀರನ್ನು ಕುಡಿಯುತ್ತದೆ, ನಿಲ್ಲಿಸುವುದು ಕಾಂಕ್ರೀಟು.

ನಿಮ್ಮ ಬೀದಿಗೆ ಫುಟ್‌ಪಾತ್ ಕೆಲಸ ಬಂದ ದಿನ ಎಂಜಿನಿಯರನ್ನು ಕಂಡು, ಮರಕ್ಕೆ ಎಷ್ಟು ಜಾಗ ಬಿಡುತ್ತೀರಿ ಎಂದು ಕೇಳಿ. ಜಲ್ಲಿ ಸುರಿಯುವ ಮೊದಲೇ ಕೇಳಿದರೆ ಖರ್ಚಿಲ್ಲದೆ ಆಗುವ ಕೆಲಸ ಅದು. ಕಾಂಕ್ರೀಟ್ ಗಟ್ಟಿಯಾದ ಮೇಲೆ ಒಡೆಯಲು ಮತ್ತೊಂದು ಟೆಂಡರ್ ಬೇಕಾಗುತ್ತದೆ.