ಮೂರು ಅಕ್ಷರ, ಒಂದೇ ಸದ್ದು
ಹೇಮಚಂದ್ರ ಬರುವಾ ಅಂದ್ರೆ ಅಸ್ಸಾಮಿನವರು ಕೈ ಮುಗೀತಾರೆ. ಮುಗೀಲಿ ಬಿಡಿ. ಬ್ರಿಟಿಷರು 1836ರ ಹೊತ್ತಿಗೆ ಅಲ್ಲಿನ ಕೋರ್ಟು, ಶಾಲೆಗಳಿಗೆ ಬಂಗಾಳಿ ತಂದು ಕೂರಿಸಿದಾಗ, ಅಸ್ಸಾಮಿ ಅಂದ್ರೆ ಬಂಗಾಳಿಯ ಹಳ್ಳಿ ರೂಪ ಅನ್ನೋರೇ ಜಾಸ್ತಿ. ಅಂಥ ಕಾಲದಲ್ಲಿ ಅಸ್ಸಾಮಿಯ ಪರ ನಿಂತವರು ಇವರು. ಅಫೀಮು ಚಟದ ವಿರುದ್ಧ ನಾಟಕ ಬರೆದವರು.

ನನ್ನ ತಕರಾರು ಅವರ ನಿಘಂಟು 'ಹೇಮಕೋಶ'ದ ಬಗ್ಗೆ. 1867ರಲ್ಲೇ ಮಿಷನರಿ ಮೈಲ್ಸ್ ಬ್ರಾನ್ಸನ್ ಜನ ಆಡಿದ ಹಾಗೇ ಬರೆದ ನಿಘಂಟು ತಂದಿದ್ದ. ಬರುವಾ ಅದನ್ನು ಒಪ್ಪದೆ ಸಂಸ್ಕೃತದ ಕಾಗುಣಿತ ಹಿಡಿದರು. ಅಸ್ಸಾಮಿ ಬಾಯಲ್ಲಿ ಶ, ಷ, ಸ ಮೂರೂ ಸಾಮಾನ್ಯವಾಗಿ ಗಂಟಲಿಂದ ಬರೋ ಒಂದೇ ಸದ್ದು. ಬರೆಯೋಕೆ ಮಾತ್ರ ಮೂರೂ ಬೇಕು. ಪಾಪ, ಮಕ್ಕಳು ಬಾಯಿಪಾಠ ಹೊಡೀಬೇಕು!

ಸಂಸ್ಕೃತದ ಬೇರು ತೋರಿಸದಿದ್ರೆ ನುಡಿಗೆ ಮರ್ಯಾದೆ ಎಲ್ಲಿತ್ತು ಅಂತಾರೆ. ನಮ್ಮಲ್ಲಿ ಮಹಾಪ್ರಾಣ ಬಿಟ್ರೆ ಕನ್ನಡ ಕೆಟ್ಟೇಹೋಯ್ತು ಅನ್ನೋರ ವಾದವೂ ಇದೇ ತಾನೇ? ಅಲ್ಲ ಸ್ವಾಮಿ, ನಾವು ಬಂಗಾಳಿ ಅಲ್ಲ ಅಂತ ಕಿವಿಗೆ ಸಾರಿ ಹೇಳೋದೇ ಆ ಗಂಟಲ ಸದ್ದು. ಕಾಗದದ ಮೇಲೆ ಅದೇ ಮಾಯ! ಇನ್ನು ಮರ್ಯಾದೆ ಮಾತು. ಅಸ್ಸಾಮಿ ಕೋರ್ಟಿಗೆ ವಾಪಸ್ ಬಂದಿದ್ದು 1873ರಲ್ಲಿ. ಹೇಮಕೋಶ ಅಚ್ಚಾಗಿದ್ದು ಬರುವಾ ತೀರಿಕೊಂಡ ಮೇಲೆ, 1900ರಲ್ಲಿ.